ಓಡ್ತಾ ಓಡ್ತಾ ಸಾಯುತ್ತೆ, 10 ನಿಮಿಷ ಬಿಟ್ರೆ ಬದುಕುತ್ತೆ: 1971ರ ಎಂಜಿಬಿ ಕರೆಂಟ್ ಕಾಟ

ಕೌಲಿ_ಕುಮಾರ:
ಎಲ್ರಿಗೂ ನಮಸ್ಕಾರ. ಊರು ತಿಪಟೂರು, ಈಗ ಇರೋದು ಆಕ್ಸ್‌ಫರ್ಡ್‌ನ ಕೌಲಿಯಲ್ಲಿ. ಹೋದ ವರ್ಷ ಒಂದು 1971ರ ಎಂಜಿಬಿ ಜಿಟಿ, ಹಳೇ ಬ್ರಿಟಿಷ್ ಸ್ಪೋರ್ಟ್ಸ್ ಕಾರು, ತಗೊಂಡೆ, ಹೆಂಡತಿ ಬೇಡ ಅಂದ್ರೂ ಕೇಳದೆ. 1798 ಸಿಸಿ, ಎರಡು ಎಸ್‌ಯು ಕಾರ್ಬುರೇಟರ್ (ಪೆಟ್ರೋಲು ಗಾಳಿ ಬೆರೆಸೋ ಭಾಗ), ನೋಡೋಕೆ ಚಿನ್ನ. ಆದ್ರೆ ಮೂರು ತಿಂಗಳಿಂದ ಒಂದು ರೋಗ ಹಿಡ್ಕೊಂಡಿದೆ. ಮನೆಯಿಂದ ಹೊರಟು ಸುಮಾರು 20 ನಿಮಿಷ ಚೆನ್ನಾಗಿ ಓಡುತ್ತೆ. ಇಂಜಿನ್ ಬಿಸಿಯಾದ ಮೇಲೆ, ಎ34 ರೋಡಲ್ಲಿ 50 ಮೈಲಿ ವೇಗದಲ್ಲಿ ಹೋಗ್ತಿರ್ಬೇಕಾದ್ರೆ, ಯಾರೋ ಸ್ವಿಚ್ ಆಫ್ ಮಾಡಿದ ಹಾಗೆ ಟಪ್ ಅಂತ ಆಫ್. ಎಳೆದಾಡೋದಿಲ್ಲ, ಕೆಮ್ಮೋದಿಲ್ಲ, ನೇರ ಸಾವು. ಹೇಗೋ ಉರುಳಿಸ್ಕೊಂಡು ಪಕ್ಕಕ್ಕೆ ಹಾಕಿ 10 ನಿಮಿಷ ಕೂತು ಕೀ ತಿರುಗಿಸಿದ್ರೆ ಒಂದೇ ಸಲಕ್ಕೆ ಸ್ಟಾರ್ಟ್, ಏನೂ ಆಗೇ ಇಲ್ಲ ಅನ್ನೋ ಥರ.

ಇಲ್ಲಿವರೆಗೆ ಬದಲಾಯಿಸಿದ್ದು: ಸಿಬಿ ಪಾಯಿಂಟ್ (ಕಾಯಿಲಿನ ಕರೆಂಟ್ ತೆಗೆದು ಮುಚ್ಚೋ ಸಣ್ಣ ಸ್ವಿಚ್), ಅದರ ಕಂಡೆನ್ಸರ್ (ಎರಡು ಸಲ), ಸ್ಪಾರ್ಕಿಗೆ ವೋಲ್ಟೇಜ್ ಏರಿಸೋ ಕಾಯಿಲ್, ರೋಟರ್, ಕ್ಯಾಪ್, ಪ್ಲಗ್ ವೈರು, ಪೆಟ್ರೋಲ್ ಫಿಲ್ಟರ್. ಒಂದು ಗ್ಯಾರೇಜಿಗೂ ಕೊಟ್ಟಿದ್ದೆ, ಅವ್ರು ಅರ್ಧ ಗಂಟೆ ನಿಂತಲ್ಲೇ ಐಡ್ಲಿಂಗ್‌ನಲ್ಲಿ ಬಿಟ್ಟು "ನಮ್ಮತ್ರ ನಿಲ್ಲಲೇ ಇಲ್ಲವಲ್ಲ" ಅಂತ ಬಿಲ್ ಕೈಗಿಟ್ರು. ತಮಾಷೆ ಏನಂದ್ರೆ ಈ ಕಾರು ಹುಟ್ಟಿದ್ದು ಅಬಿಂಗ್ಡನ್ ಫ್ಯಾಕ್ಟರಿಯಲ್ಲಿ, ನಮ್ಮನೆಯಿಂದ ಏಳೆಂಟು ಮೈಲಿ. ಎರಡು ಸಲ ನಿಂತಿದ್ದೂ ಅಬಿಂಗ್ಡನ್ ಹತ್ರಾನೇ. ತವರು ಮನೆ ಬಂತು ಅಂತ ಇಳ್ಕೊಳ್ಳುತ್ತೋ ಏನೋ.

ಬೈಕ್_ಬಸು:
ಪೆಟ್ರೋಲ್ ಗುರು. ಕಣ್ಣು ಮುಚ್ಕೊಂಡು ಹೇಳ್ತೀನಿ. ಎಥೆನಾಲ್ ಬೆರೆಸಿದ ಪೆಟ್ರೋಲ್ ಬಿಸಿಗೆ ಪೈಪಲ್ಲೇ ಆವಿ ಆಗುತ್ತೆ, ತಣ್ಣಗಾದ್ಮೇಲೆ ಸರಿ ಹೋಗುತ್ತೆ. 20 ನಿಮಿಷ, 10 ನಿಮಿಷ ಎಲ್ಲಾ ಹೊಂದುತ್ತೆ ನೋಡು.

ಟೆಕ್ಸಸ್_ಗೌಡ:
ಪಾಯಿಂಟು ಕಂಡೆನ್ಸರ್ ಎಲ್ಲಾ ಕಿತ್ತಾಕಿ ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕ್ಸಪ್ಪ, ನಿಂಗ್ಯಾಕ್ ಬೇಕು ಈ ತಲೆನೋವು. ನನ್ ಮಜ್ದಾ ಮಿಯಾಟಾ ಕಾರು 1992ರದ್ದು, ಇವತ್ತಿಗೂ ಒಂದಿನ ನಿಂತಿಲ್ಲ.

ಲೀಡ್ಸ್_ಲತಾ:
ಗೌಡ್ರೇ, ಎಲ್ಲಿ ತಪ್ಪಿದೆ ಅಂತ ಗೊತ್ತಾಗದೆ ಹೊಸ ಡಬ್ಬ ಹಾಕಿದ್ರೆ ಹಳೇ ತಪ್ಪು ಅಲ್ಲೇ ಇರುತ್ತೆ, ಮೇಲೆ ಹೊಸದೊಂದು ಸೇರುತ್ತೆ ಅಷ್ಟೇ. ನನ್ ಹತ್ರ 11 ವರ್ಷದಿಂದ ಟ್ರಯಂಫ್ ಸ್ಪಿಟ್‌ಫೈರ್ ಕಾರಿದೆ, ಇದೇ ಪಾಠ ದುಡ್ಡು ಕೊಟ್ಟು ಕಲಿತಿದೀನಿ.

ಕುಮಾರ್, ಒಂದೇ ಪ್ರಶ್ನೆ. ಇಂಜಿನ್ ಸತ್ತ ಕ್ಷಣ, ಗಾಡಿ ಇನ್ನೂ ಗೇರಲ್ಲಿ ಉರುಳ್ತಾ ಇರುವಾಗ, ಟ್ಯಾಕೋಮೀಟರ್ (ಇಂಜಿನ್ ಸುತ್ತೋ ವೇಗ ತೋರಿಸೋದು) ಮುಳ್ಳು ಏನು ಮಾಡ್ತು? ಗಾಡಿ ನಿಧಾನ ಆದ ಹಾಗೆ ನಿಧಾನ ಇಳೀತಾ, ಇಲ್ಲಾ ಒಂದೇ ಏಟಿಗೆ ಸೊನ್ನೆಗೆ ಬಿತ್ತಾ? ನಿಧಾನ ಇಳಿದ್ರೆ ಪೆಟ್ರೋಲ್ ಇರಬಹುದು, ಇಲ್ಲಾ ಕ್ಯಾಪ್, ರೋಟರ್, ಪ್ಲಗ್ ವೈರ್ ಕಡೆ ದೋಷ. ಟಪ್ ಅಂತ ಬಿದ್ರೆ ಕಾಯಿಲ್‌ನ 12 ವೋಲ್ಟ್ ಲೈನಲ್ಲೇ ಕರೆಂಟ್ ಕಟ್ ಆಗ್ತಿದೆ ಅಂತ. ನಿನ್ನ ಮಾಡೆಲ್‌ನಲ್ಲಿ ಕಾಯಿಲ್‌ಗೆ ಹೋಗೋ ಬಿಳಿ ವೈರ್ ಟ್ಯಾಕೋ ಮೂಲಕವೇ ಹಾದು ಹೋಗುತ್ತೆ, ಹಾಗಾಗಿ ಅದು ಸುಳ್ಳು ಹೇಳೋದಿಲ್ಲ.

ಕೌಲಿ_ಕುಮಾರ:
ಅಯ್ಯೋ, ಲಾರಿಗಳ ಮಧ್ಯೆ ಜೀವ ಕೈಲಿ ಹಿಡ್ಕೊಂಡಿದ್ದೆ ಅಕ್ಕ, ಮುಳ್ಳು ಯಾರು ನೋಡಿದ್ರು. ಶನಿವಾರ ಮತ್ತೆ ಹೋಗ್ತೀನಿ.

ಮಂಗ್ಳೂರ್_ಬೇರಿಂಗ್:
ಎಂತ ಮಾರಾಯ, ನಿಲ್ತದೆ ಅಂತ ಗೊತ್ತಿದ್ದೂ ಬೇಕಂತಲೇ ಹೈವೇಗೆ ತಗೊಂಡು ಹೋಗುದಾ? ಅಂಗಿ ಮೇಲೆ ಹಳದಿ ಜಾಕೆಟ್ ಹಾಕು, ಮತ್ತೆ ಇನ್ಶೂರೆನ್ಸ್‌ನಲ್ಲಿ ಎಳಿಯುವ ಸರ್ವಿಸ್ ಉಂಟಾ ನೋಡು.

ಬೈಕ್_ಬಸು:
ಪೆಟ್ರೋಲ್ ಅಂತ ಹೇಳಿದೀನಿ, ಬರೆದಿಟ್ಕೊಳ್ಳಿ. ಇಲ್ಲಿ ಇ20 (20% ಎಥೆನಾಲ್ ಇರೋ ಪೆಟ್ರೋಲ್) ಹಾಕಿಸಿ ನನ್ ಯೆಜ್ಡಿ ಪೈಪು ಹಪ್ಪಳ ಆಗಿದೆ.

ಲೀಡ್ಸ್_ಲತಾ:
ಇಂಗ್ಲೆಂಡಲ್ಲಿ 2021ರ ಸೆಪ್ಟೆಂಬರ್‌ನಿಂದ ಮಾಮೂಲಿ ಪೆಟ್ರೋಲ್ ಇ10 ಆಗಿದೆ. ಸೂಪರ್ ಅನ್ಲೆಡೆಡ್ ಇನ್ನೂ ಇ5 ಸಿಗುತ್ತೆ, ಹಳೇ ಕಾರಿನವ್ರೆಲ್ಲ ಅದನ್ನೇ ಹಾಕ್ಸೋದು. ಅದೂ ಅಲ್ಲದೆ ಪೆಟ್ರೋಲ್ ನಿಂತ್ರೆ ಗಾಡಿ ಎಳೆದಾಡಿ, ಮುಗ್ಗರಿಸಿ ಸಾಯುತ್ತೆ. ಕಾರ್ಬುರೇಟರಿನ ಬಟ್ಟಲಲ್ಲಿ (ಫ್ಲೋಟ್ ಬೌಲ್) ಇರೋ ಪೆಟ್ರೋಲ್ ಮುಗಿಯೋ ತನಕ ಓಡಲೇಬೇಕಲ್ಲ. ಇವ್ರು ಹೇಳ್ತಿರೋದು ಸ್ವಿಚ್ ಆಫ್ ಥರ ಅಂತ.

ಬೈಕ್_ಬಸು:
ಸರ್ಕಾರ ಸರಿ ಅಂದಿದ್ದೆಲ್ಲ ಸರಿ ಆದ್ರೆ ನಮ್ ಯೆಜ್ಡಿ ಯಾಕೆ...

ನಿರ್ವಾಹಕಿ:
ಎಥೆನಾಲ್ ಜಗಳಕ್ಕೆ ಬೇರೆ ಚರ್ಚೆ ಇದೆ, 40 ಪುಟ ಆಗಿದೆ, ಅಲ್ಲಿ ಹೋಗಿ ಹೊಡೆದಾಡಿ. ಇಲ್ಲಿ ಕರೆಂಟ್ ಮಾತ್ರ.

ಕೌಲಿ_ಕುಮಾರ:
ಬಂದೆ. ಜೀವಂತ ಬಂದೆ. ಮುಳ್ಳು ಸೊನ್ನೆಗೆ ಬಿತ್ತು. 2500 ತೋರಿಸ್ತಿದ್ದದ್ದು, ಗಾಡಿ ಇನ್ನೂ ನಾಲ್ಕನೇ ಗೇರಲ್ಲಿ 45 ಮೈಲಿ ವೇಗದಲ್ಲಿ ಉರುಳ್ತಿದೆ, ಇದು ಮಾತ್ರ ಕಡಿದ ಬಾಳೆಯ ಹಾಗೆ ದೊಪ್ ಅಂತ ಮಲಗಿಬಿಡ್ತು. ಇನ್ನೊಂದು ಗಮನಿಸಿದೆ, ಆಕ್ಸಿಲರೇಟರಿಂದ ಕಾಲು ತೆಗೆದ ತಕ್ಷಣ ಸೈಲೆನ್ಸರಲ್ಲಿ ಡಬ್ ಅಂತ ಪಟಾಕಿ ಹೊಡೆದು ಒಂದು ಸೆಕೆಂಡ್ ಬಂದ ಹಾಗೆ ಆಯ್ತು, ಅಷ್ಟರಲ್ಲಿ ಭಯಕ್ಕೆ ಕ್ಲಚ್ ಒತ್ತಿಬಿಟ್ಟೆ, ಪೂರ್ತಿ ನಿಂತೋಯ್ತು.

ಲೀಡ್ಸ್_ಲತಾ:
ಆಯ್ತು, ಪೆಟ್ರೋಲ್ ಫೈಲ್ ಮುಚ್ಚಿ. ಬಸು ಅವರ ಕ್ಷಮೆ ಕೋರಿ 😀

ಪಟಾಕಿ ಅಂದ್ರೆ ಇಂಜಿನ್ ಸುತ್ತುತ್ತಾ ಪೆಟ್ರೋಲ್ ಎಳ್ಕೊಳ್ತಿತ್ತು, ಸ್ಪಾರ್ಕ್ ಇರ್ಲಿಲ್ಲ, ಸುಡದ ಪೆಟ್ರೋಲೆಲ್ಲ ಸೈಲೆನ್ಸರಲ್ಲಿ ಸೇರಿತ್ತು, ಸ್ಪಾರ್ಕ್ ವಾಪಸ್ ಬಂದಾಗ ಒಟ್ಟಿಗೆ ಹತ್ತಿದೆ. ಈಗ ನನ್ನ ಅನುಮಾನ ಎರಡು ವೈರ್ ಜೋಡಿಸೋ ಬುಲೆಟ್ ಕನೆಕ್ಟರ್ ಮೇಲೆ. ಟ್ಯಾಕೋ ಬೆನ್ನಲ್ಲೇ ಇರುತ್ತೆ, ಐವತ್ತು ವರ್ಷದ ಹಸಿರು ಪಾಚಿ ಕಟ್ಟಿರುತ್ತೆ. ಬಿಳಿ ವೈರನ್ನೇ ಹಿಡ್ಕೊಂಡು ಹೋಗು. ಈ ಕಾರುಗಳಲ್ಲಿ ಬಣ್ಣವೇ ನಕ್ಷೆ: ಕಂದು ಯಾವಾಗ್ಲೂ ಲೈವ್, ಬಿಳಿ ಕೀ ಆನ್ ಮಾಡಿದ್ರೆ, ಹಸಿರು ಅದೇ ಕರೆಂಟ್ ಫ್ಯೂಸ್ ದಾಟಿದ ಮೇಲೆ, ಕಪ್ಪು ಅರ್ಥ್. ಬಿಳಿ ಮೇಲೆ ಕಪ್ಪು ಗೆರೆ ಇರೋದು ಕಾಯಿಲಿಂದ ಪಾಯಿಂಟ್ ಕೂತಿರೋ ಡಬ್ಬ, ಅಂದ್ರೆ ಡಿಸ್ಟ್ರಿಬ್ಯೂಟರ್‌ಗೆ.

ಟೆಕ್ಸಸ್_ಗೌಡ:
ಈ ಕಾರುಗಳ ಕರೆಂಟ್ ಸಾಮಾನು ಮಾಡಿದ ಲೂಕಸ್ ಕಂಪನಿ ಅಂದ್ರೆ ಕತ್ತಲೆ ರಾಜಕುಮಾರ ಅಂತ ಇಲ್ಲಿನ ಅಮೆರಿಕದೋರು ನಗಾಡ್ತಾರೆ, ಸುಮ್ನೆ ಅಲ್ಲ.

ಮಂಗ್ಳೂರ್_ಬೇರಿಂಗ್:
ಐವತ್ತು ವರ್ಷ ಮಳೆಯಲ್ಲಿ ನಿಲ್ಲಿಸಿದ ಗಾಡಿಗೆ ಲೂಕಸ್‌ನವ ಎಂತ ಮಾಡುದು? ನಿಮ್ಮ ಫೋನು ಐದು ವರ್ಷ ಬರ್ತದಾ? ನಾನು ನೋಡಿದ ಹಳೆ ಗಾಡಿಗಳಲ್ಲಿ ಫ್ಯಾಕ್ಟರಿ ವೈರಿಗಿಂತ ನಡುವೆ ಬಂದವರು ಟೇಪು ಸುತ್ತಿ ಹಾಕಿದ ವೈರೇ ಕೈ ಕೊಡುದು ಜಾಸ್ತಿ.

ಹುಬ್ಬಳ್ಳಿ_ವೈರ್:
ಕುಮಾರ ಅವ್ರ, ಊಹಿಸಿ ಬಿಚ್ಚಾಕ ಹೋಗಬ್ಯಾಡ್ರಿ, ಅಳದು ನೋಡ್ರಿ. ಬಿಚ್ಚಿ ಹಾಕಿದ್ರ ಸದ್ಯಕ್ಕ ಸರಿ ಆಗಿ ಯಾವುದು ಕೆಟ್ಟಿತ್ತು ಅಂತ ಗೊತ್ತಾಗಂಗಿಲ್ಲ, ಎರಡು ತಿಂಗಳು ಬಿಟ್ಟು ಮತ್ತ ಕಾಡತೈತಿ. ಬಂದು ಹೋಗೋ ಫಾಲ್ಟ್ ಅಂದ್ರ ಕಳ್ಳ ಇದ್ದಂಗ, ಮನ್ಯಾಗ ಇದ್ದಾಗ ಹಿಡೀಬೇಕು.

ಮೊದಲು, ಸತ್ತಾಗ ಇಂಡಿಕೇಟರ್ ಹಾಕಿದ್ರ ಮಿನುಗತೈತೇನು? ಮಿನುಗಿದ್ರ ಇಗ್ನಿಷನ್ ಸ್ವಿಚ್ಚು, ಫ್ಯೂಸ್ ಬಾಕ್ಸ್ ಎರಡೂ ಬಿಡುಗಡೆ. ಆಮ್ಯಾಲ ಕಾಯಿಲ್ ಪ್ಲಸ್‌ನಿಂದ ಒಂದು ಉದ್ದ ವೈರ್, ಮೈನಸ್‌ನಿಂದ ಒಂದು ಉದ್ದ ವೈರ್ ಬಾನೆಟ್ ಸಂದಿಯಿಂದ ಒಳಗ ತಗೊಂಡು ಎರಡು ವೋಲ್ಟ್‌ಮೀಟರ್ ಕಟ್ರಿ. ಪ್ಲಸ್‌ನ್ಯಾಗ ಯಾವಾಗ್ಲೂ 12ರ ಮ್ಯಾಲ ಇರಬೇಕು. ಮೈನಸ್‌ನ್ಯಾಗ ಪಾಯಿಂಟ್ ತೆಗೀತಾ ಮುಚ್ಚತಾ ಇರತೈತಿ, ಅದಕ್ಕ ಸರಾಸರಿ ನಾಕೈದು ವೋಲ್ಟ್ ತೋರಿಸತೈತಿ. ಸತ್ತಾಗ ಪ್ಲಸ್ ಸೊನ್ನೆ ಆದ್ರ ಲತಾ ಅವ್ರು ಹೇಳಿದ ಬಿಳಿ ವೈರು. ಪ್ಲಸ್ ಇದ್ದು ಮೈನಸ್ ಸೊನ್ನೆ ಆದ್ರ ಎಲ್ಲೋ ಅರ್ಥಿಗೆ ತಾಗಿ ಶಾರ್ಟ್, ಇಲ್ಲಾ ಕಂಡೆನ್ಸರ್, ಇಲ್ಲಾ ಕಾಯಿಲ್ ಒಳಗ ಕಟ್. ಎರಡೂ 12ರ ಮ್ಯಾಲ ನಿಂತ್ರ ಪಾಯಿಂಟ್ ಕಡೆ ದಾರಿ ಎಲ್ಲೋ ಹರದೈತಿ, ಕಾಯಿಲ್‌ಗೆ ಅರ್ಥ್ ಸಿಗವಲ್ದು. ಹಾಂ, ಮೈನಸ್ ಮೀಟರ್ 20ರ ರೇಂಜಿನ್ಯಾಗ ಇಡಬ್ಯಾಡ್ರಿ, ದೊಡ್ಡ ರೇಂಜಿಗೆ ಹಾಕ್ರಿ. ಪಾಯಿಂಟ್ ತೆಗೆದ ಕ್ಷಣ ಅಲ್ಲಿ ನೂರಾರು ವೋಲ್ಟ್ ಒದೀತೈತಿ. ಕೈನೂ ಇಡಬ್ಯಾಡ್ರಿ.

ಕೌಲಿ_ಕುಮಾರ:
ಸಾರ್ ಇಷ್ಟು ಚೆನ್ನಾಗಿ ನನ್ನ ಕಾಲೇಜಲ್ಲಿ ಯಾರೂ ಹೇಳ್ಕೊಡ್ಲಿಲ್ಲ. ಮಾಡ್ತೀನಿ.

ತುಮಕೂರ್_ತಿಮ್ಮ:
ಕಾರು ಬಿಡಪ್ಪ, ತಿಪಟೂರಲ್ಲಿ ಯಾವ ಬೀದಿ ನಿಮ್ದು?

ಕೌಲಿ_ಕುಮಾರ:
ಎರಡು ವಾರ ಬಿಟ್ಟು ಬರೀತಿದೀನಿ, ಮಳೆ ಬಿಡಲೇ ಇಲ್ಲ ಇಲ್ಲಿ. ಹೆಂಡತಿ ತೊಡೆ ಮೇಲೆ ಎರಡು ಮೀಟರು, ಬಾನೆಟ್ ಸಂದಿಯಿಂದ ಕಿಟಕಿ ದಾಟಿ ಬಂದ ಎರಡು ವೈರು, ಗಾಳಿ ಮಳೆ ಒಳಗೆ. ಅವ್ಳು ಕ್ರಿಕೆಟ್ ಕಾಮೆಂಟ್ರಿ ಥರ ಓದ್ತಾ ಬಂದ್ಲು: "13.6, 4.8, 13.7, 5.1, ನಂಗೆ ಚಳಿ, 13.6, 4.9..." ಅಬಿಂಗ್ಡನ್ ದಾಟಿತು, ಮಿಲ್ಟನ್ ದಾಟಿತು, ಏನೂ ಇಲ್ಲ. ಆಮೇಲೆ ಒಂದು ಸಪಾಟು ಜಾಗದಲ್ಲಿ ಟಪ್. "13.5, 13.5! ಎರಡೂ 13.5 ರೀ!" ಅಂತ ಕೂಗಿದ್ಲು. ಇಂಡಿಕೇಟರ್ ಹಾಕಿದೆ, ಟಿಕ್ ಟಿಕ್ ಅಂತ ಮಿನುಗ್ತಾ ಇತ್ತು.

ಹುಬ್ಬಳ್ಳಿ_ವೈರ್:
ಶಾಬ್ಬಾಸ್! ಅವ್ರಿಗೊಂದು ಗಿರ್ಮಿಟ್ ಮಿರ್ಚಿ ಕೊಡಿಸ್ರಿ. ಸ್ವಿಚ್ಚು, ಬಿಳಿ ವೈರು, ಟ್ಯಾಕೋ, ಕಾಯಿಲ್ಲು, ಕಂಡೆನ್ಸರ್ ಶಾರ್ಟು ಎಲ್ಲಾ ಹೊರಗ. ಉಳಿದದ್ದು ಕಾಯಿಲ್ ಮೈನಸ್‌ನಿಂದ ಪಾಯಿಂಟ್ ದಾಟಿ ಅರ್ಥ್ ತನಕ. ಅರ್ಧ ಮೀಟರ್ ವೈರೂ ಇಲ್ಲ ಅಲ್ಲೆ.

ಟೆಕ್ಸಸ್_ಗೌಡ:
ಪಾಯಿಂಟೇ ಕಣ್ರೀ ಹಂಗಾದ್ರೆ. ಬಿಸಿ ಆದ್ರೆ ಗ್ಯಾಪ್ ಬದಲಾಗ್ತದೆ. ನಾನ್ ಹೇಳಿದ್ದು ಎಲೆಕ್ಟ್ರಾನಿಕ್...

ಕೌಲಿ_ಕುಮಾರ:
ಗ್ಯಾಪ್ 15 ಥೌ (ಇಂಚಿನ ಸಾವಿರ ಪಾಲಲ್ಲಿ 15) ಇಟ್ಟಿದೀನಿ, ಬಿಸಿಯಲ್ಲೂ ಅಳೆದೆ, ಅಷ್ಟೇ ಇದೆ. ಡಿಸ್ಟ್ರಿಬ್ಯೂಟರ್ ಬಿಚ್ಚಿ ಮೀಟರ್ ಹಾಕಿ ನೋಡಿದೆ, ಎಲ್ಲಾ ಕಡೆ 0.2 ಓಮ್, ಸರಿಯಾಗೇ ಇದೆ. ಹೇರ್ ಡ್ರೈಯರ್ ಹಿಡಿದು ಕೈ ಸುಡೋಷ್ಟು ಬಿಸಿ ಮಾಡಿದೆ, ಆಗ್ಲೂ 0.2. ಈಗ ಹುಚ್ಚು ಹಿಡಿಯೋದೊಂದು ಬಾಕಿ.

ಅಂಬಾಸಡರ್_ರಾಯರು:
ನಾನು ಸಾಮಾನ್ಯ ಇಲ್ಲಿ ಬರೆಯೋನಲ್ಲ, ಮಗ ಓದಿ ಹೇಳ್ತಾ ಇದ್ದ. ಶಿವಮೊಗ್ಗದಲ್ಲಿ 27 ವರ್ಷ ಅಂಬಾಸಡರ್ ಟ್ಯಾಕ್ಸಿ ಓಡಿಸಿದೀನಿ. ನಿಮ್ಮ ಇಂಜಿನ್ನು ನಮ್ಮ ಇಂಜಿನ್ನು ಅಣ್ಣ ತಮ್ಮ ಕಣಪ್ಪ, ಬಿ ಸೀರೀಸ್. ನಮ್ಮದು 1489 ಸಿಸಿ, ನಿಮ್ಮದು 1798, ಅಷ್ಟೇ ವ್ಯತ್ಯಾಸ. ಡಿಸ್ಟ್ರಿಬ್ಯೂಟರ್‌ಗೆ ನಾವು ಡೆಲ್ಕೋ ಅಂತಿದ್ವಿ, ಯಾವ ಕಂಪನಿದಾದ್ರೂ ಡೆಲ್ಕೋನೇ.

ನಾಲ್ಕು ಪ್ರಶ್ನೆ ಕೇಳ್ತೀನಿ, ಯೋಚನೆ ಮಾಡಿ ಉತ್ತರ ಹೇಳು. ಒಂದು, ಏರು ಹತ್ತುವಾಗ ಯಾವತ್ತಾದ್ರೂ ನಿಂತಿದ್ಯಾ? ಎರಡು, ಐಡ್ಲಿಂಗಲ್ಲಿ ನಿಂತಿದ್ಯಾ? ಮೂರು, ಆ 10 ನಿಮಿಷ ಅಂತೀಯಲ್ಲ, ಕಾಯದೇ ಆಗಲೇ ಸ್ಟಾರ್ಟ್ ಮಾಡಿ ನೋಡಿದ್ಯಾ? ನಾಲ್ಕು, ಮನೆಯಿಂದ ಹೊರಟ ಮೊದಲ 20 ನಿಮಿಷ ಎಂಥ ರಸ್ತೆ?

ಕೌಲಿ_ಕುಮಾರ:
ರಾಯರೇ ನಮಸ್ಕಾರ. ಏರಲ್ಲಿ... ಚಿಲ್ಟನ್ ದಾಟಿ ದೊಡ್ಡ ಏರಿದೆ, ಅಲ್ಲಿ ಕಾಲು ಪೂರ್ತಿ ಒತ್ತೇ ಹತ್ತಿಸೋದು, ಒಂದು ಸಲವೂ ನಿಂತಿಲ್ಲ. ಐಡ್ಲಿಂಗಲ್ಲಿ ಇಲ್ಲ. ಕಾಯದೇ ಟ್ರೈ ಮಾಡಿಲ್ಲ, ತಣ್ಣಗಾಗಬೇಕು ಅಂತ ನಾನೇ ಅಂದ್ಕೊಂಡು ಕಾಯ್ತಿದ್ದೆ. ಮೊದಲ 20 ನಿಮಿಷ ಪೂರ್ತಿ ಆಕ್ಸ್‌ಫರ್ಡ್ ಟ್ರಾಫಿಕ್, ಸಿಗ್ನಲ್ಲು, ನಿಲ್ಲೋದು ಹೋಗೋದು.

ಅಂಬಾಸಡರ್_ರಾಯರು:
ಹಾಗಾದ್ರೆ ಬಿಸಿಗೂ ಇದಕ್ಕೂ ಸಂಬಂಧ ಇಲ್ಲ. ನಿನ್ನ ಇಂಜಿನ್ ಬಿಸಿಯಾಗೋಕೂ ಹೈವೇ ಬರೋಕೂ ಒಂದೇ ಹೊತ್ತಾಯ್ತು, ಅದಕ್ಕೆ ನೀನು ಬಿಸಿ ಮೇಲೆ ಗೂಬೆ ಕೂರಿಸಿದೆ. ತಣ್ಣಗಿರೋ ಗಾಡಿನ ಬಾಗಿಲಿಂದಲೇ ಹೈವೇಗೆ ಬಿಟ್ಟಿದ್ರೆ ಎರಡೇ ನಿಮಿಷಕ್ಕೆ ನಿಲ್ತಿತ್ತು.

ಡೆಲ್ಕೋ ಪಕ್ಕದಲ್ಲಿ ತಟ್ಟೆ ಥರ ವ್ಯಾಕ್ಯೂಮ್ ಅಡ್ವಾನ್ಸ್ (ಗಾಳಿ ಎಳೆತಕ್ಕೆ ಸ್ಪಾರ್ಕ್ ಬೇಗ ಬರೋ ಹಾಗೆ ಮಾಡೋದು) ಇದೆ ನೋಡು, ಅದರಿಂದ ಸಣ್ಣ ಪೈಪ್ ಕಾರ್ಬುರೇಟರ್‌ಗೆ ಹೋಗಿರುತ್ತೆ. ಐಡ್ಲಿಂಗಲ್ಲಿ ಅದಕ್ಕೆ ಎಳೆತ ಇಲ್ಲ. ಕಾಲು ಪೂರ್ತಿ ಒತ್ತಿದ್ರೂ ಇಲ್ಲದ ಹಾಗೇ ಲೆಕ್ಕ. ಸಪಾಟು ರಸ್ತೇಲಿ ಕಾಲು ಹಗುರ ಇಟ್ಟು ಓಡಿಸ್ತೀವಲ್ಲ, ಆಗ ಮಾತ್ರ ಜೋರಾಗಿ ಎಳೆಯುತ್ತೆ, ಪಾಯಿಂಟ್ ಕೂತಿರೋ ಪ್ಲೇಟ್ ತಿರುಗುತ್ತೆ. ಆ ಪ್ಲೇಟಿಂದ ಬಾಡಿಗೆ ಒಂದು ಚೋಟುದ್ದ ಅರ್ಥ್ ವೈರಿದೆ. ಪ್ಲೇಟ್ ತಿರುಗಿದಾಗೆಲ್ಲ ಅದು ಬಗ್ಗಬೇಕು, ಬಗ್ಗಿ ಬಗ್ಗಿ ಒಳಗೆ ತಾಮ್ರ ತುಂಡಾಗುತ್ತೆ, ಮೇಲಿನ ಸಿಪ್ಪೆ ಹಾಗೇ ಇರುತ್ತೆ. ಸುಮ್ನಿದ್ದಾಗ ತುದಿ ತುದಿ ತಾಗಿರುತ್ತೆ, ನಿನ್ನ ಮೀಟರ್ 0.2 ಅನ್ನುತ್ತೆ. ಎಳೆದಾಗ ಬಿಡುತ್ತೆ. ಕಾಲು ತೆಗೆದೆ, ಎಳೆತ ಹೋಯ್ತು, ಪ್ಲೇಟ್ ವಾಪಸ್, ಡಬ್ ಅಂತ ನಿನ್ನ ಪಟಾಕಿ.

ಇಂಜಿನ್ ಐಡ್ಲಿಂಗಲ್ಲಿಟ್ಟು ಕಾರ್ಬುರೇಟರ್ ಕಡೆಯ ಪೈಪ್ ತುದಿ ಬಿಚ್ಚಿ ಬಾಯಲ್ಲಿ ಹೀರು. ಕಡೂರು ರಸ್ತೇಲಿ ನಾನು ಹಾಗೇ ಕಂಡುಹಿಡಿದಿದ್ದು, ಮದುವೆ ದಿಬ್ಬಣ ಹಿಂದಿನ ಸೀಟಲ್ಲಿ ಬೈತಾ ಕೂತಿತ್ತು.

ಲೀಡ್ಸ್_ಲತಾ:
ಮೈ ಜುಮ್ ಅಂತು. ನಾನು ಕನೆಕ್ಟರ್ ಕನೆಕ್ಟರ್ ಅಂತ ಜಪ ಮಾಡ್ತಿದ್ದೆ.

ಮಂಗ್ಳೂರ್_ಬೇರಿಂಗ್:
ರಾಯರೇ ನೀವು ಇಷ್ಟು ದಿನ ಎಲ್ಲಿದ್ರಿ ಮಾರಾಯ್ರೆ.

ಬೈಕ್_ಬಸು:
ಹೀರುವಾಗ ಬಾಯಿಗೆ ಪೆಟ್ರೋಲ್ ಬಂದ್ರೆ ನಾನು ಹೇಳಿದ್ದೇ ಸರಿ ಅಂತ ಆಯ್ತು.

ಕೌಲಿ_ಕುಮಾರ:
ಈಗಷ್ಟೇ ಗ್ಯಾರೇಜಿಂದ ಬಂದೆ, ಕೈ ಕೂಡ ತೊಳೆದಿಲ್ಲ. ಪೈಪ್ ಬಿಚ್ಚಿ ಎಳನೀರು ಹೀರೋ ಹಾಗೆ ಹೀರಿದೆ. ಹೀರಿದ್ರೆ ಇಂಜಿನ್ ಆಫ್! ಮತ್ತೆ ಸ್ಟಾರ್ಟ್, ಮತ್ತೆ ಹೀರಿದೆ, ಆಫ್! ಮೂರು ತಿಂಗಳು, ಅಷ್ಟು ದುಡ್ಡು, ಎ34ರಲ್ಲಿ ಅಷ್ಟು ಸಲ ದೇವರ ನೆನೆದಿದ್ದು, ಕೊನೆಗೆ ಬಾಯಿ ಹಾಕಿ ಹೀರಿದ್ರೆ ಸಿಕ್ತು.

ಕ್ಯಾಪ್ ತೆಗೆದು ಪ್ಲೇಟನ್ನ ಹೆಬ್ಬೆರಳಲ್ಲಿ ತಳ್ಳಿದೆ, ಮೀಟರ್ 0.2ರಿಂದ ಓಪನ್, ಅಂದ್ರೆ ಸಂಪರ್ಕವೇ ಕಟ್. ಬಿಟ್ರೆ ಮತ್ತೆ 0.2. ಆ ವೈರು ಎರಡು ಇಂಚೂ ಇಲ್ಲ. ಮೆತ್ತಗೆ ಎಳೆದ್ರೆ ಮಧ್ಯದಲ್ಲಿ ಮಾತ್ರ ರಬ್ಬರ್ ಬ್ಯಾಂಡ್ ಥರ ಹಿಗ್ಗುತ್ತೆ, ಅಲ್ಲಿ ತಾಮ್ರವೇ ಇಲ್ಲ. ಸಿಪ್ಪೆ ಸುಲಿದ್ರೆ ಕಪ್ಪಾದ ಎಳೆಗಳು, ಒಂದೊಂದೂ ಹಲ್ಲುಜ್ಜೋ ಬ್ರಷ್ ಸವೆದ ಹಾಗೆ ಮೊಂಡಾಗಿವೆ. ಅದೂ ಅಸಲಿ ವೈರಲ್ಲ. ಮುಂಚೆ ಯಾರೋ ಮನೆ ವೈರಿಂಗ್ ಥರದ ದಪ್ಪ ಎಳೆ ವೈರ್ ಹಾಕಿ ಬೆಸುಗೆ ಹಾಕಿದಾರೆ, ಬಗ್ಗೋ ಜಾಗದ ತನಕ ಸೀಸ ಹರಿದು ಗಟ್ಟಿಯಾಗಿದೆ, ಅದರ ಅಂಚಲ್ಲೇ ತುಂಡಾಗಿರೋದು. ನಾನು ಅದರ ಪಕ್ಕದಲ್ಲೇ ಪಾಯಿಂಟ್ ಮೂರು ಸಲ ಬದಲಾಯಿಸಿದೀನಿ!

ಹುಬ್ಬಳ್ಳಿ_ವೈರ್:
ಹಂಗ ಆಗೂದು. ಹೊಸಾ ವೈರ್ ಹಾಕುವಾಗ ಸಣ್ಣ ಎಳೀವು ಜಾಸ್ತಿ ಇರೂ ಮೆತ್ತನ ಸಿಲಿಕಾನ್ ವೈರ್ ತಗೋರಿ, ಮೀಟರ್ ಪ್ರೋಬಿಗೆ ಇರತೈತಲ್ಲ ಅಂಥಾದ್ದು. ತುದಿಗೆ ಅಷ್ಟ ಬೆಸುಗೆ, ಬಗ್ಗೂ ಜಾಗಕ್ಕ ಸೀಸ ಹರೀಬಾರದು. ಒಂಚೂರು ಸಡಿಲ ಬಿಡ್ರಿ, ಆದ್ರ ನಡುವ ತಿರುಗೋ ಕ್ಯಾಮಿಗೆ ತಾಗಬಾರದು. ಪಾಯಿಂಟಿಗೆ ಬರೂ ಇನ್ನೊಂದು ವೈರೂ ಅದ ಪ್ಲೇಟಿನ ಮ್ಯಾಲ ಕುಣಿತೈತಿ, ಅದನ್ನೂ ಈಗ ಬದಲಿ ಮಾಡ್ರಿ.

ಟೆಕ್ಸಸ್_ಗೌಡ:
ಒಪ್ಕೊಂಡೆ. ಎಲೆಕ್ಟ್ರಾನಿಕ್ ಹಾಕಿದ್ರೂ ಪಾಯಿಂಟ್ ಬದಲು ಬರೋ ಪಿಕಪ್ ಅದೇ ಪ್ಲೇಟ್ ಮೇಲೆ ಕೂರ್ತಿತ್ತು, ಅರ್ಥ್ ಅದೇ ವೈರಲ್ಲಿ ಹೋಗ್ತಿತ್ತು ಅಂತ ಈಗ ಹೊಳೀತು. ಸಾವಿರಾರು ರೂಪಾಯಿ ನೀರಿಗೆ ಹಾಕಿಸ್ತಿದ್ದೆ ನಿನ್ ಕೈಲಿ.

ಕೌಲಿ_ಕುಮಾರ:
ಭಾನುವಾರ ನ್ಯೂಬರಿ ತನಕ ಹೋಗಿ ಬಂದ್ವಿ, ಸಪಾಟಲ್ಲಿ ಬೇಕಂತಲೇ ಕಾಲು ಹಗುರ ಇಟ್ಟು. ಒಂದು ಸಲವೂ ಮಿಸ್ಸಿಂಗ್ ಇಲ್ಲ. ಹೆಂಡತಿ ಅಭ್ಯಾಸ ಬಲಕ್ಕೆ ಅಬಿಂಗ್ಡನ್ ಬರ್ತಿದ್ದ ಹಾಗೆ ಡ್ಯಾಶ್‌ಬೋರ್ಡ್ ಹಿಡ್ಕೊಂಡ್ಲು. ರಾಯರೇ, ಊರಿಗೆ ಬಂದಾಗ ಶಿವಮೊಗ್ಗಕ್ಕೆ ಬಂದೇ ಬರ್ತೀನಿ. ಫೋಟೋ ಹಾಕಿದೀನಿ ನೋಡಿ, ಹೊಸ ವೈರು ಕೆಂಪಗಿರೋದು.

ತುಮಕೂರ್_ತಿಮ್ಮ:
ಬೀದಿ ಯಾವ್ದು ಅಂತ ಹೇಳಲೇ ಇಲ್ಲ.

ಅಂಬಾಸಡರ್_ರಾಯರು:
ಬೆಸುಗೆ ಚೆನ್ನಾಗಿದೆ. ಅರ್ಥ್ ವೈರಿಗೆ ಕೆಂಪು ಹಾಕಿದೀಯ, ನಿನ್ನ ನಂತರ ತಗೊಳ್ಳೋನು ಬೈತಾನೆ, ಕಪ್ಪು ಸಿಕ್ಕಿದಾಗ ಬದಲಾಯಿಸು. ಮತ್ತೆ ಎರಡನೇ ಫೋಟೋದಲ್ಲಿ ವ್ಯಾಕ್ಯೂಮ್ ಪೈಪಿನ ರಬ್ಬರ್ ತುದಿ ಸೀಳಿದ ಹಾಗೆ ಕಾಣ್ತಾ ಇದೆ. ನೀನು ಕಚ್ಚಿ ಹೀರಿದ್ದಕ್ಕೋ, ಮೊದಲೇ ಇತ್ತೋ. ಅರ್ಧ ಇಂಚು ಕತ್ತರಿಸಿ ಹಾಕು.